ಗೇಣುದ್ದದ ಡ್ಯಾಫೊಡಿಲ್, ನಾಲ್ಕು ವಸಂತದ ಕಾಯುವಿಕೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ಡ್ಯಾಫೊಡಿಲ್ ಎಂದ ತಕ್ಷಣ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಶಾಲೆಯ ಇಂಗ್ಲಿಷ್ ಪುಸ್ತಕದ ವರ್ಡ್ಸ್‌ವರ್ತ್ ಪದ್ಯ. ಹೂವನ್ನು ಕಣ್ಣಾರೆ ನೋಡದೆಯೇ ಬಾಯಿಪಾಠ ಮಾಡಿ ಅಂಕ ಪಡೆದವರು ನಾವು. ಕವಿ ಮತ್ತು ಅವನ ತಂಗಿ ಡೊರೊಥಿ ಆ ಹೂಗಳನ್ನು ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ. ಅವು ಇಂದಿನ ತೋಟಗಳ ದೊಡ್ಡ ದೊಡ್ಡ ಹೂಗಳಲ್ಲ, ಪುಟ್ಟ ಕಾಡು ಡ್ಯಾಫೊಡಿಲ್‌ಗಳು. ಅಂಥ ಪುಟ್ಟ ಡ್ಯಾಫೊಡಿಲ್‌ಗಳ ಬಗ್ಗೆ ಇಂದು ನಾಲ್ಕು ಮಾತು.

ಈ ವಿಷಯ ನನಗೆ ಸಿಕ್ಕಿದ್ದು ನಮ್ಮ ಕೇಳುಗರೊಬ್ಬರಿಂದ. ಅವರು ದೆಹಲಿಯ ಮಯೂರ್ ವಿಹಾರದಲ್ಲಿರುವ ಹಿರಿಯ ತಾಯಿ, ಮೂಲತಃ ಸಾಗರದ ಕಡೆಯವರು. ಮಲೆನಾಡಿನ ಹೆಂಗಸರ ಡೇರೆ ಹೂವಿನ ಹುಚ್ಚು ನಿಮಗೆ ಗೊತ್ತೇ ಇದೆ. ನೆಂಟರ ಮನೆಗೆ ಹೋದರೆ ಬರುವಾಗ ಸೆರಗಿನಲ್ಲಿ ಒಂದು ಗಡ್ಡೆ ಇರಲೇಬೇಕು. ಈ ತಾಯಿಯೂ ಹಾಗೆಯೇ. 2018ರ ಮಾರ್ಚಿನಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋದರು. ಬಾಡಿಗೆ ಮನೆ, ಹಿಂದೆ ಹಾಸಿಗೆಯಷ್ಟು ಅಗಲದ ಹಿತ್ತಿಲು. ಅಲ್ಲಿ ಒಂದು ಕುಂಡದಲ್ಲಿ ಗೇಣುದ್ದದ ಹಳದಿ ಹೂಗಳು. ‘ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಹೆಸರಾ?’ ಎಂದು ಮಗಳನ್ನು ಕೇಳಿದರಂತೆ.

ಆ ಕುಂಡದಲ್ಲಿದ್ದ ತಳಿಯ ಹೆಸರು ಟೆಟ್-ಆ-ಟೆಟ್. ಫ್ರೆಂಚ್ ಮಾತು, ಇಬ್ಬರೇ ಎದುರುಬದುರು ಕೂತು ಆಡುವ ಮಾತುಕತೆ ಎಂದು ಅರ್ಥ. ಒಂದೇ ದಂಟಿನಲ್ಲಿ ಸಾಮಾನ್ಯವಾಗಿ ಎರಡು ಹೂ ಇರುವುದರಿಂದ ಆ ಹೆಸರು. ಇದನ್ನು ಬೆಳೆಸಿದವರು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಅಲೆಕ್ ಗ್ರೇ. 1895ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡ ಈ ಬೆಳೆಗಾರ, ಎಲ್ಲರೂ ದೊಡ್ಡ ಹೂವಿನ ಹಿಂದೆ ಬಿದ್ದಿದ್ದ ಕಾಲದಲ್ಲಿ ಚಿಕ್ಕ ಹೂಗಳನ್ನು ಹಿಡಿದು ಕೂತರು. ನೂರಕ್ಕೂ ಹೆಚ್ಚು ತಳಿಗಳನ್ನು ಕೊಟ್ಟರು. 1955ರಲ್ಲಿ ಚಿಕ್ಕ ಡ್ಯಾಫೊಡಿಲ್‌ಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಟೆಟ್-ಆ-ಟೆಟ್ ಬೆಳಕಿಗೆ ಬಂದದ್ದು 1949ರಲ್ಲಿ. ಅದೂ, ಜಂಬ್ಲಿ ಮತ್ತು ಕ್ವಿನ್ಸ್ ಎಂಬ ಇನ್ನೆರಡು ತಳಿಗಳೂ ಒಂದೇ ಕಾಯಿಯ ಬೀಜಗಳಿಂದ ಬಂದ ಒಡಹುಟ್ಟುಗಳು. ಮೂರೂ ಮೂರು ರೂಪ! ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ಥರ ಇರುತ್ತಾರೆಯೇ?

ಇವುಗಳ ವಂಶಾವಳಿ ಇನ್ನೂ ಸ್ವಾರಸ್ಯದ್ದು. ಒಂದು ಕಡೆಯ ಹಿರಿಯ ಸೈಕ್ಲಮಿನಿಯಸ್ ಎಂಬ ಕಾಡುಹೂ. ದಳಗಳನ್ನು ಪೂರ್ತಿ ಹಿಂದಕ್ಕೆ ಮಡಚಿಕೊಂಡು, ಎದುರುಗಾಳಿಗೆ ಕಿವಿ ಹಿಂದೆ ಹಾಕಿಕೊಂಡ ಮೊಲದಂತೆ ಕಾಣುತ್ತದೆ. 17ನೆಯ ಶತಮಾನದ ಆರಂಭದಲ್ಲೇ ಇದರ ಚಿತ್ರ ಪುಸ್ತಕದಲ್ಲಿ ಬಂದಿತ್ತು. ಆದರೆ 1837ರಲ್ಲಿ ವಿಲಿಯಂ ಹರ್ಬರ್ಟ್ ಎಂಬ ಪಂಡಿತರು ಇಂಥ ಹೂ ಇರುವುದೇ ಅಸಾಧ್ಯ ಎಂದುಬಿಟ್ಟರು. ಮುಂದೆ 1880ರ ದಶಕದಲ್ಲಿ ಪೋರ್ಚುಗಲ್ಲಿನಲ್ಲಿ ಅದು ಮತ್ತೆ ಸಿಕ್ಕಿತು! ಇನ್ನೊಂದು ಕಡೆಯ ಹಿರಿಯ ಟಜೆಟ್ಟಾ ಗುಂಪಿನ ಗೊಂಚಲು ಹೂ. ನಮ್ಮ ದೆಹಲಿಯ ಚಳಿಗಾಲದಲ್ಲಿ ಘಮ್ಮೆನ್ನುವ ನರ್ಗಿಸ್ ಕೂಡ ಇದೇ ಟಜೆಟ್ಟಾ ಕುಲದ್ದು. ಕಾಶ್ಮೀರಿಗಳು ನರ್ಗಿಸನ್ನು ಯೆಂಬರ್ಜಲ್ ಎನ್ನುತ್ತಾರೆ. ದೀನಾನಾಥ ನಾದಿಮ್ 1953ರಲ್ಲಿ ಬರೆದ ಕಾಶ್ಮೀರಿ ಗೀತನಾಟಕದ ನಾಯಕಿಯೇ ಈ ಹೂ. ಆದ್ದರಿಂದ ಡ್ಯಾಫೊಡಿಲ್ ನಮಗೆ ತೀರಾ ಪರಕೀಯವೇನಲ್ಲ, ದೂರದ ನೆಂಟ.

ಈಗ ನಮ್ಮ ತಾಯಿಯ ಕಥೆಗೆ ಬರೋಣ. ಗಡ್ಡೆಯಿಂದ ಬೆಳೆಸುವುದು ಎಲ್ಲರಿಗೂ ಗೊತ್ತು. ಅವರಿಗೆ ಬೀಜದಿಂದ ಹೊಸ ಹೂ ಹುಟ್ಟಿಸುವ ಆಸೆ. ಪಕ್ಕದ ಮನೆಯ ವೃದ್ಧರೊಬ್ಬರು ಅದೇ ಹವ್ಯಾಸದವರು. ಬೇಲಿಯಾಚೆಯಿಂದಲೇ ಪಾಠ ಶುರುವಾಯಿತು. ಭಾಷೆ ಅರ್ಧಂಬರ್ಧ, ಹೂವಿನ ಭಾಷೆ ಪೂರ್ತಿ.

ಕೆಲಸ ಸುಲಭ. ಆಗತಾನೆ ಅರಳುತ್ತಿರುವ ಹೂವಿನೊಳಗೆ ಆರು ಕೇಸರಗಳಿರುತ್ತವೆ. ಅವು ಪುಡಿ ಉದುರಿಸುವ ಮೊದಲೇ ಚಿಮಟದಿಂದ ಕಿತ್ತುಬಿಡಬೇಕು. ಇದು ತಾಯಿ ಹೂ. ಇನ್ನೊಂದು ಹೂವಿನ ಪರಾಗವನ್ನು ಸಣ್ಣ ಕುಂಚದಲ್ಲಿ ತಂದು ತಾಯಿ ಹೂವಿನ ಶಲಾಕೆಯ ತುದಿಗೆ ಸವರಬೇಕು. ದಂಟಿಗೆ ಚೀಟಿ ಕಟ್ಟಬೇಕು. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯ ಹೆಸರು ಆಮೇಲೆ. ಪ್ರಪಂಚದಾದ್ಯಂತ ಇದೇ ಕ್ರಮ. ‘ನೋಡಪ್ಪಾ, ಹೂವಿನವರಿಗಾದರೂ ಬುದ್ಧಿ ಇದೆ’ ಎಂದರು ನಮ್ಮ ತಾಯಿ.

ಮೊದಲು ಅವರು ಟೆಟ್-ಆ-ಟೆಟ್ ಮೇಲೆಯೇ ಕೈ ಮಾಡಿದರು. ಒಂದೂ ಕಾಯಿ ನಿಲ್ಲಲಿಲ್ಲ. ದೂರ ದೂರದ ಕುಲಗಳು ಬೆರೆತು ಹುಟ್ಟಿದ ಇಂಥ ತಳಿಗಳು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ, ಗಡ್ಡೆ ಒಡೆದೇ ಹೆಚ್ಚುತ್ತವೆ. ಅದೇ ವಾರ ಪಕ್ಕದ ಮನೆಯವರು ಕೊಟ್ಟ ಸೈಕ್ಲಮಿನಿಯಸ್ ಕುಂಡದ ಹೂಗಳಿಗೆ ಕಾಡು ಡ್ಯಾಫೊಡಿಲ್ ಪರಾಗ ಹಚ್ಚಿದ್ದರು. ಅದರಲ್ಲಿ ಎರಡು ಕಾಯಿ ಊದಿಕೊಂಡವು. ಆ ಹೊತ್ತಿಗೆ ಮನೆಯಲ್ಲಿ ಮೊಮ್ಮಗಳೂ ಹುಟ್ಟಿದ್ದಳು.

ಜೂನ್ ಆರಂಭದಲ್ಲಿ ಕಾಯಿ ಬಿರಿಯುವ ಹಂತಕ್ಕೆ ಬಂದಾಗ ಬಟ್ಟೆ ಕಟ್ಟಿ ಬೀಜ ಹಿಡಿದರು. ಕಪ್ಪಗೆ ಹೊಳೆಯುವ 31 ಬೀಜ. ಆಳವಾದ ಕುಂಡ, ಮರಳು ಬೆರೆಸಿದ ಮಣ್ಣು, ಮೇಲೆ ಒಂದು ಸೆಂಟಿಮೀಟರಿನಷ್ಟು ಹೊದಿಕೆ. ನೆರಳಿನ ಮೂಲೆಯಲ್ಲಿಟ್ಟು, ಮಗಳಿಗೆ ಬಾಣಂತನದ ಲೇಹ್ಯದ ಜೊತೆಗೆ ಇದರ ಪಥ್ಯವನ್ನೂ ಹೇಳಿ, ಆಗಸ್ಟಿನಲ್ಲಿ ವಾಪಸು ಬಂದರು. ವೀಸಾ ಆರು ತಿಂಗಳಿಗೆ ಮಾತ್ರ.

ಮುಂದಿನದ್ದು ಕಾಯುವ ಕೆಲಸ. ಮೊದಲ ಚಳಿಗಾಲದ ಕೊನೆಗೆ ಬೀಜಕ್ಕೊಂದು ಹುಲ್ಲಿನೆಳೆಯಂಥ ಎಲೆ. ಬೇಸಿಗೆಗೆ ಅದು ಒಣಗುತ್ತದೆ. ಕೆಳಗೆ ಜೋಳದ ಕಾಳಿನಷ್ಟು ಗಡ್ಡೆ ಉಳಿದಿರುತ್ತದೆ. ಸತ್ತಿತೆಂದು ಕುಂಡ ಸುರಿಯಬಾರದು. ಎರಡು ವರ್ಷ ಕದಲಿಸದಿರುವುದು ಒಳ್ಳೆಯದು. ಚಿಕ್ಕ ಜಾತಿಗಳು ಮೂರು ನಾಲ್ಕು ವರ್ಷಕ್ಕೆ ಹೂ ಬಿಟ್ಟರೆ, ದೊಡ್ಡವಕ್ಕೆ ಐದು ಅಥವಾ ಹೆಚ್ಚು ವರ್ಷ ಬೇಕು.

ಆದರೆ ನಾಲ್ಕು ವರ್ಷ ಒಂದೇ ಮನೆಯಲ್ಲಿರುವ ಭಾಗ್ಯ ನಮ್ಮಂಥವರಿಗೆ ಎಲ್ಲಿದೆ? ಹನ್ನೊಂದು ತಿಂಗಳ ಕರಾರು ಪತ್ರ, ವರ್ಗಾವಣೆ, ಮಕ್ಕಳ ಶಾಲೆ, ಬದುಕೇ ಕುಂಡದಲ್ಲಿರುತ್ತದೆ. ಮಗಳೂ ಆ ಅವಧಿಯಲ್ಲಿ ಎರಡು ಮನೆ ಬದಲಿಸಿದಳು. ಎರಡು ಸಲವೂ ಆ ಕುಂಡ ಕಾರಿನಲ್ಲಿ, ಮಗುವಿನ ಸೀಟಿನ ಪಕ್ಕದಲ್ಲಿ ಕೂತು ಹೋಯಿತು. 2020ರ ವಸಂತಕ್ಕೆ ಅಜ್ಜಿ ಹೋಗಬೇಕಿತ್ತು. ಟಿಕೆಟ್ ಆಗಿತ್ತು. ಮಾರ್ಚಿನಲ್ಲಿ ವಿಮಾನಗಳೇ ನಿಂತವು. ಮುಂದಿನ ವರ್ಷವೂ ಆಗಲಿಲ್ಲ. ಆಮೇಲೆ ಮಂಡಿಯ ಶಸ್ತ್ರಚಿಕಿತ್ಸೆ. ಪ್ರತಿ ಭಾನುವಾರ ಫೋನಿನಲ್ಲಿ ಮೊದಲ ಪ್ರಶ್ನೆ ಮಗುವಿನದು, ಎರಡನೆಯದು ಕುಂಡದ್ದು.

ನಾನು ಅವರನ್ನು ಒಮ್ಮೆ ಕೇಳಿದೆ: ‘ಅಮ್ಮಾ, ಎಪ್ಪತ್ತು ದಾಟಿದ ಮೇಲೆ ಇಷ್ಟು ವರ್ಷಕ್ಕೆ ಹೂ ಬಿಡುವ ಬೀಜ ಬಿತ್ತಿದಿರಲ್ಲ?’ ಅವರೆಂದರು: ‘ನೋಡಪ್ಪಾ, ನಮ್ಮತ್ತೆ ಹಲಸಿನ ಬೀಜ ಊರುವಾಗ ನಾನು ಹೀಗೇ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ನೀರು ತಾ ಅಂದರು.’

2022ರ ಮಾರ್ಚಿನಲ್ಲಿ ಒಂದು ಮೊಗ್ಗು ಬಂತು. 31 ಬೀಜಗಳಲ್ಲಿ ಉಳಿದದ್ದು 14 ಗಿಡ, ಆ ವರ್ಷ ಹೂ ಬಿಟ್ಟದ್ದು ಒಂದೇ. ನಾಲ್ಕು ವರ್ಷದ ಮೊಮ್ಮಗಳು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಚಿತ್ರವನ್ನು ಅಜ್ಜಿ ನನಗೂ ಕಳಿಸಿದರು. ದಳಗಳು ಸ್ವಲ್ಪವೇ ಹಿಂದಕ್ಕೆ ಬಾಗಿವೆ, ಬಣ್ಣ ಸಾದಾ ಹಳದಿ. ಪಕ್ಕಾ ತಳಿಗಾರರಾದರೆ ಇದನ್ನು ಕಿತ್ತು ಹಾಕುತ್ತಿದ್ದರೇನೋ. ಅವರು ನೂರಾರು ಸಸಿಗಳಲ್ಲಿ ಒಂದೆರಡನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೊಸ ತಳಿಗೆ ಹೆಸರಿಡಬೇಕಾದರೆ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ದೊಡ್ಡ ತೋಟವೇನೂ ಬೇಕಿಲ್ಲ. ಅಜ್ಜಿ ನೋಂದಾಯಿಸಿಲ್ಲ. ಮನೆಯಲ್ಲಿ ಅದನ್ನು ‘ತಂಗಿ’ ಎನ್ನುತ್ತಾರೆ. ಮೊಮ್ಮಗಳಿಗಿಂತ ಕೆಲವು ತಿಂಗಳು ಚಿಕ್ಕದು ನೋಡಿ.

ಇನ್ನು ನಮ್ಮ ಕೇಳುಗರಿಗೆ ನಾಲ್ಕು ಕಿವಿಮಾತು. ದೆಹಲಿಯಲ್ಲಿರುವವರು ನರ್ಗಿಸ್‌ನಿಂದ ಶುರುಮಾಡಿ. ಡ್ಯಾಫೊಡಿಲ್‌ಗಿಂತ ಅದು ನಮ್ಮ ಹವೆಗೆ ಹೆಚ್ಚು ಒಗ್ಗುತ್ತದೆ. ಅಕ್ಟೋಬರ್ ಕೊನೆಗೆ ಗಡ್ಡೆ ನೆಡಿ, ಬಿಸಿಲಿನಲ್ಲಿಡಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಹೂ ಬಾಡಿದ ಮೇಲೆ ಎಲೆ ಕತ್ತರಿಸಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಾಲ್ಕನಿ ಅಚ್ಚುಕಟ್ಟಾಗಿರಲಿ ಎಂದು ಹಸಿರೆಲೆಗಳನ್ನು ಸವರಿದೆ, ಮರುವರ್ಷ ಒಂದು ಹೂವೂ ಬರಲಿಲ್ಲ. ಮುಂದಿನ ವರ್ಷದ ಊಟ ತಯಾರಾಗುವುದು ಆ ಎಲೆಗಳಲ್ಲೇ. ತಾವಾಗಿ ಹಳದಿಯಾಗುವವರೆಗೆ ಬಿಡಿ. ಕೊನೆಯದಾಗಿ, ಈ ಗಡ್ಡೆ ನೋಡಲು ಈರುಳ್ಳಿಯಂತೆ, ಆದರೆ ವಿಷ. ಅಡುಗೆಮನೆಯಲ್ಲಿ ಇಡಲೇಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಆ ಅಜ್ಜಿ ‘ತಂಗಿ’ಯನ್ನು ಇನ್ನೂ ಕಣ್ಣಾರೆ ನೋಡಿಲ್ಲ. ಮಂಡಿ ಈಗ ಸುಧಾರಿಸಿದೆ, ಬರುವ ಮಾರ್ಚಿಗೆ ಹೋಗುವ ಯೋಚನೆಯಿದೆ. ಈ ಮಾತನ್ನು ಅವರೂ ಕೇಳುತ್ತಿರುತ್ತಾರೆ. ಅಮ್ಮಾ, ಹೋಗಿ ಬನ್ನಿ. ಬರುವಾಗ ಸೆರಗಿನಲ್ಲಿ ಗಡ್ಡೆ ತರಲು ವಿಮಾನ ನಿಲ್ದಾಣದವರು ಬಿಡುವುದಿಲ್ಲ. ಕಥೆ ತನ್ನಿ, ಸಾಕು.