ಹೈಕು ಎಂದರೆ ಮೊದಲು ನಗು

(ಸಂಘದ ಸಂಸ್ಥಾಪನಾ ದಿನದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೈಕು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಮುಖ ಗಂಭೀರವಾಗುತ್ತದೆ. ಕೊಳ, ಬೆಳದಿಂಗಳು, ಮೌನ, ಧ್ಯಾನ, ಇಷ್ಟೇ ಅದರ ಬಂಡವಾಳವೆಂದು ತಿಳಿದಿದ್ದೇವೆ. ಆದರೆ ಆ ಹೆಸರಿನ ಮೊದಲರ್ಧವಾದ 'ಹೈ' ಎಂಬುದಕ್ಕೆ ವಿನೋದ, ಪರಿಹಾಸ ಎಂದೇ ಅರ್ಥ. ಈ ನಗು ಎಲ್ಲಿಂದ ಬಂತು, ಅದು ಎಂಥ ನಗು ಎಂಬ ಬಗ್ಗೆ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಜಪಾನಿನಲ್ಲಿ 'ರೆಂಗ' ಎಂಬ ಸರಪಳಿ ಕಾವ್ಯವಿತ್ತು. ಒಬ್ಬರು 5-7-5 ಅಕ್ಷರಗಳ ಪದ್ಯ ಹೇಳಿದರೆ ಇನ್ನೊಬ್ಬರು 7-7 ಅಕ್ಷರ ಸೇರಿಸುವರು. ಮತ್ತೊಬ್ಬರು ಪುನಃ 5-7-5. ಹೀಗೆ ನೂರು ಪದ್ಯಗಳವರೆಗೆ ಸಾಗುತ್ತಿತ್ತು. 1488ರಲ್ಲಿ ಸೋಗಿ ಎಂಬ ಕವಿ ಇಬ್ಬರು ಶಿಷ್ಯರೊಡನೆ ಮಿನಾಸೆಯಲ್ಲಿ ಕಟ್ಟಿದ ನೂರು ಪದ್ಯಗಳು ಈ ಪ್ರಕಾರದ ಶಿಖರ. ಅಲ್ಲಿನ ಭಾಷೆ ಅರಮನೆಯದು. ಸಂತೆಯ ಮಾತಿಗೆ ಪ್ರವೇಶವಿರಲಿಲ್ಲ. ಗಂಭೀರ ಗೋಷ್ಠಿ ಮುಗಿದ ಮೇಲೆ ದಣಿವಾರಿಸಿಕೊಳ್ಳಲು ಕವಿಗಳು ತಮಾಷೆಯ ಪದ್ಯ ಹೆಣೆಯುತ್ತಿದ್ದರು. ಅದೇ 'ಹೈಕೈ'.

1356ರ ಪ್ರತಿಷ್ಠಿತ ರೆಂಗ ಸಂಕಲನದ ಹೆಸರು 'ತ್ಸುಕುಬಾಶೂ'. ಹದಿನಾರನೆಯ ಶತಮಾನದಲ್ಲಿ ಯಮಾಝಾಕಿ ಸೋಕನ್ ಕೂಡಿಸಿದ ತಮಾಷೆಯ ಪದ್ಯಗಳಿಗೆ 'ಇನು ತ್ಸುಕುಬಾಶೂ' ಎಂದು ಹೆಸರಾಯಿತು. 'ಇನು' ಎಂದರೆ ನಾಯಿ. ನಾವು ನಾಯಿಕೊಡೆ, ನಾಯಿತುಳಸಿ ಎನ್ನುತ್ತೇವಲ್ಲ, ಅದೇ ಧಾಟಿ! ತನ್ನನ್ನು ತಾನೇ ಕೀಳೆಂದು ಕರೆದುಕೊಂಡು, ನಗುನಗುತ್ತಾ ಒಳಗೆ ಬಂದ ಕಾವ್ಯವಿದು.

ಇದರ ಮುಖ್ಯ ನಿಯಮವೊಂದಿದೆ. ಪ್ರತಿ ಪದ್ಯವೂ ಹಿಂದಿನ ಪದ್ಯಕ್ಕೆ ಹೊಂದಬೇಕು. ಅದರ ಹಿಂದಿನದರಿಂದ ದೂರ ಸರಿಯಬೇಕು. ನನ್ನದೇ ಅಳ್ಳಕ ಪದ್ಯಗಳನ್ನು ಉದಾಹರಣೆಗೆ ಹೇಳುತ್ತೇನೆ, ಕ್ಷಮಿಸಿ.

ಮೊದಲ ಹಿಮ
ಚಪ್ಪಲಿಯಲ್ಲೇ ಬಂದ
ಊರಿನ ಅಜ್ಜ

ಇನ್ನೊಬ್ಬರು ಸೇರಿಸುತ್ತಾರೆ:

ಬಾಗಿಲು ತೆರೆದರೆ
ಕೈಯಲ್ಲಿ ಒಂದೇ ಚೀಲ

ಮೂರನೆಯವರು ಅಜ್ಜನನ್ನು ಬಿಟ್ಟುಬಿಡಬೇಕು:

ಸಂತೆಯ ಪಟ್ಟಿ
ಮನೆಯಲ್ಲೇ ಮರೆತು
ಕುಂಬಳಕಾಯಿ

ನೋಡಿ, ಅದೇ ಬಾಗಿಲು, ಅದೇ ಚೀಲ. ಆದರೆ ಅಜ್ಜ ಹೋಗಿ ಮರೆಗುಳಿ ಗಂಡ ಬಂದು ನಿಂತ. ಇಲ್ಲಿ ಯಾರೂ ಜೋಕು ಹೇಳಲಿಲ್ಲ. ಅರ್ಥ ಮಗ್ಗುಲು ಬದಲಿಸಿತು, ಅಷ್ಟರಿಂದಲೇ ನಗು ಹುಟ್ಟಿತು.

ನಗು ಅತಿಯಾದದ್ದೂ ಉಂಟು. 1684ರಲ್ಲಿ ಒಸಾಕಾದ ಸುಮಿಯೋಶಿ ದೇಗುಲದಲ್ಲಿ ಇಹಾರಾ ಸೈಕಾಕು ಒಂದು ಹಗಲು ಒಂದು ರಾತ್ರಿಯಲ್ಲಿ 23,500 ಪದ್ಯ ಹೇಳಿದ. ಲೆಕ್ಕ ಹಾಕಿದರೆ ಪದ್ಯವೊಂದಕ್ಕೆ ನಾಲ್ಕು ಸೆಕೆಂಡೂ ಬೀಳುವುದಿಲ್ಲ! ಬಾಶೋ (1644–1694) ಕೂಡ ಇದೇ ವಿನೋದದ ಪರಂಪರೆಯಲ್ಲಿ ಬೆಳೆದವನು. ಅವನು ನಗುವನ್ನು ಆಳಕ್ಕೆ ಇಳಿಸಿದನೇ ಹೊರತು ಹೊರಗೆ ಹಾಕಲಿಲ್ಲ. ಕೊನೆಯ ವರ್ಷಗಳಲ್ಲಿ ಶಿಷ್ಯರಿಗೆ ಅವನು ಬೋಧಿಸಿದ್ದು 'ಕರುಮಿ', ಅಂದರೆ ಹಗುರತನ.

ಹದಿನೆಂಟನೆಯ ಶತಮಾನದಲ್ಲಿ, ಕೊಟ್ಟ 7-7ಕ್ಕೆ 5-7-5 ಕೂಡಿಸುವ ಸ್ಪರ್ಧೆಗಳು ಜನಪ್ರಿಯವಾದವು. ನಮ್ಮ ಸಮಸ್ಯಾಪೂರಣದ ಸೋದರಸಂಬಂಧಿಯೇ ಸರಿ. ತೀರ್ಪುಗಾರ ಕರೈ ಸೆನ್ರ್ಯುವಿನ ಹೆಸರೇ ಒಂದು ಪ್ರಕಾರಕ್ಕೆ ನಿಂತಿತು. 1765ರಲ್ಲಿ ಅವನ ಆಯ್ಕೆಗಳ ಮೊದಲ ಸಂಕಲನ ಬಂತು. ನಮ್ಮ ದಿನಕರ ದೇಸಾಯಿಯವರ ಚುಟುಕಗಳಂತೆ ಸೆನ್ರ್ಯು ಕೂಡ ಲೋಕದ ಡೊಂಕನ್ನು ಎತ್ತಿ ತೋರಿಸಿ ನಗುತ್ತದೆ.

ಆದರೆ ಇಸ್ಸನ (1763–1828) ನಗು ಬೇರೆ. ಚಿಕ್ಕಂದಿನಲ್ಲೇ ತಾಯಿ ಹೋದಳು, ಮಲತಾಯಿಯೊಂದಿಗೆ ಹೊಂದಲಿಲ್ಲ, ಐವತ್ತು ದಾಟಿದ ಮೇಲೆ ಮದುವೆ. ಹುಟ್ಟಿದ ಮಕ್ಕಳು ಒಂದಾದಮೇಲೊಂದು ತೀರಿಕೊಂಡವು; ಮಗಳು ಸಾತೊ 1819ರಲ್ಲಿ ಸಿಡುಬಿಗೆ ತುತ್ತಾದಳು. 1827ರಲ್ಲಿ ಮನೆ ಸುಟ್ಟು, ಕೊನೆಯ ದಿನಗಳನ್ನು ಉಗ್ರಾಣದಲ್ಲಿ ಕಳೆದ. ಇಂಥವನು ನೊಣ, ಚಿಗಟ, ಕಪ್ಪೆಗಳನ್ನು ನೆಂಟರಂತೆ ಮಾತಾಡಿಸುತ್ತಾ, ತನ್ನನ್ನೇ ಹಾಸ್ಯಮಾಡಿಕೊಳ್ಳುತ್ತಾ ಸುಮಾರು ಇಪ್ಪತ್ತು ಸಾವಿರ ಪದ್ಯ ಬರೆದ. ಆ ನಗು ದುಃಖವನ್ನು ಮರೆಸುವುದಿಲ್ಲ. ದುಃಖದ ಪಕ್ಕದಲ್ಲಿ ಚಾಪೆ ಹಾಸಿ ಕೂರುತ್ತದೆ.

1890ರ ದಶಕದಲ್ಲಿ ಮಾಸಾವೊಕಾ ಶಿಕಿ ಸರಪಳಿಯ ಮೊದಲ ಕೊಂಡಿಯನ್ನು ಮಾತ್ರ ಬಿಡಿಸಿ, 'ಹೈಕು' ಎಂದು ಕರೆದು, ಸ್ವತಂತ್ರ ಕಾವ್ಯವಾಗಿ ಪ್ರತಿಷ್ಠಾಪಿಸಿದ. ಅದರಿಂದ ಲಾಭವೂ ಆಯಿತು. ಆದರೆ ಪಕ್ಕದಲ್ಲಿ ಕುಳಿತು ಮರುನುಡಿಯುವವನು ಇಲ್ಲವಾದ. ಸರಪಳಿ ಕಟ್ಟುವ ಗುಂಪಿಗೆ ಜಪಾನಿಯಲ್ಲಿ 'ಝಾ' ಎನ್ನುತ್ತಾರೆ. ಆಸನ, ಕೂಟ ಎಂದರ್ಥ. ಕೂಟ ಕಟ್ಟಿಕೊಂಡು ಪರದೇಶದಲ್ಲಿ ಬಾಳುವ ನಮಗೆ ಈ ಪದ ವಿವರಿಸಬೇಕೆ?

ಕಡೆಯದಾಗಿ ಮನೆಯ ಮಾತು. ನಮ್ಮ ಮಕ್ಕಳು ಕನ್ನಡದಲ್ಲಿ ತಪ್ಪಿದಾಗ ನಾವು ನಗುತ್ತೇವೆ. ಪ್ರೀತಿಯಿಂದಲೇ ನಗುತ್ತೇವೆ. ಆದರೂ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮುಂದಿನ ಸಲ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ನಾನೂ ಈ ತಪ್ಪು ಮಾಡಿದ ತಂದೆ. ಹೈಕೈ ಕೂಟದಲ್ಲಿ ಒಬ್ಬ ಎಡವಿದರೆ, ಮುಂದಿನವನು ಆ ಎಡವಿದ ಮಾತನ್ನೇ ಎತ್ತಿಕೊಂಡು ಹೊಸ ದಾರಿ ತೆರೆಯಬಲ್ಲ. ಊಟದ ಮೇಜಿನಲ್ಲಿ ನಾವೂ ಹಾಗೆ ಮಾಡೋಣ. ಅಜ್ಜಿ ಒಂದು ಸಾಲು ಹೇಳಲಿ, ಮೊಮ್ಮಗ ಒಂದು ಸೇರಿಸಲಿ. ಅಕ್ಷರದ ಲೆಕ್ಕ ತಪ್ಪಿದರೆ ಆಕಾಶ ಬೀಳುವುದಿಲ್ಲ. ಮೊದಲ ಸಾಲಿನಲ್ಲಿ ನಗೆಗೀಡಾಗುವವರು ಹಿರಿಯರಾದ ನಾವಾಗಿರೋಣ.