ಹಳೆಯ ಪದ, ಹೊಸ ಮೇಳ

ಕಾಲೇಜಿನಲ್ಲಿ ಮೂವತ್ತು ವರ್ಷಗಳ ಕಾಲ ನಾನು ಶಿಶುನಾಳ ಶರೀಫರ ತತ್ತ್ವಪದಗಳನ್ನು ಪಾಠ ಹೇಳಿದೆ. ಗುಡುಗುಡಿಯ ಒಳಾರ್ಥವೇನು, ಸೋರುವ ಮಾಳಿಗೆಯ ಸಂಕೇತವೇನು ಎಂದು ಬಿಡಿಸಿ ಹೇಳಿದೆ. ವಿದ್ಯಾರ್ಥಿಗಳು ಬರೆದುಕೊಂಡರು, ಪರೀಕ್ಷೆ ಮುಗಿಸಿ ಮರೆತರು. ಅವರಲ್ಲಿ ಒಬ್ಬರೂ ಹಾಡಲಿಲ್ಲ; ನಾನೂ ಹಾಡಲಿಲ್ಲ.

ಈಚೆಗೆ ಬೆಂಗಳೂರಿನಿಂದ ಮಧುಗಿರಿಗೆ ಬಂದಿದ್ದ ನನ್ನ ಮೊಮ್ಮಗಳು, "ತಾತ, ಇದನ್ನ ಕೇಳು" ಎಂದು ಒಂದು ಹಾಡು ಹಾಕಿದಳು. ಗಿಟಾರು, ಪಿಟೀಲು, ಡ್ರಮ್ಮುಗಳ ಅಬ್ಬರ. ನನಗೆ ಸಿಟ್ಟೇ ಬಂದಿತು. ಆದರೆ ಆ ಅಬ್ಬರದ ನಡುವೆ ಗುಡುಗುಡಿಯ ಪದ ಅಕ್ಷರ ಅಕ್ಷರವಾಗಿ ಕೇಳಿಸುತ್ತಿತ್ತು. ಪುಸ್ತಕವನ್ನೇ ಕಾಣದ ಹುಡುಗಿ ಜೊತೆಗೂಡಿ ಹಾಡುತ್ತಿದ್ದಳು.

ಅದು ರಘು ದೀಕ್ಷಿತರ ಮೇಳ. ಮೈಸೂರಿನಲ್ಲಿ ಬೆಳೆದ ಈ ಗಾಯಕರ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಸಿನಿಮಾದ ಆಶ್ರಯವಿಲ್ಲದೆ ಸ್ವತಂತ್ರವಾಗಿ ಹಾಡುವ ಮೇಳಗಳು ಆಗಿನ್ನೂ ತಲೆಯೆತ್ತುತ್ತಿದ್ದ ಕಾಲ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು.

ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಭಜನೆಯ ಮೇಳಗಳಲ್ಲಿ ಬಾಳಿದವು; ಸಿ. ಅಶ್ವತ್ಥರ ಕಂಠದಲ್ಲಿ ಸುಗಮ ಸಂಗೀತವಾಗಿ ಮನೆಮನೆಯನ್ನು ಮುಟ್ಟಿದವು, ಈಗ ಗಿಟಾರನ್ನೇರಿವೆ. ವಾದ್ಯ ಬದಲಾದದ್ದರಿಂದ ಪದ ಕೆಡಲಿಲ್ಲ. ಹಾಡದೆ ಬಿಟ್ಟಿದ್ದರೆ ಕೆಡುತ್ತಿತ್ತು.

ಈ ಮಾತು ನನ್ನನ್ನು ನಮ್ಮ ಸೀಮೆಯತ್ತ ತಿರುಗಿಸುತ್ತದೆ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯೆಂಬ ನೀಳವಾದ ಬಿದಿರಿನ ಕೊಳಲನ್ನೂದುತ್ತ ಹಾಡುತ್ತ ಬಂದವರು. ಕಳುವರಹಳ್ಳಿಯ ಬಳಿಯ ಜುಂಜಪ್ಪನ ಗುಡ್ಡೆ ಅವರಿಗೆ ಪವಿತ್ರ ಸ್ಥಳ. ಆ ಕಾವ್ಯ ಅಚ್ಚಾಗಿದೆ, ವಿದ್ವಾಂಸರು ಅದನ್ನು ಕುರಿತು ಬರೆದಿದ್ದಾರೆ. ಗಣೆಯ ಉಸಿರನ್ನು ಮಾತ್ರ ಅಚ್ಚು ಮಾಡಲು ಬಾರದು; ಊದುವವರಿಂದಲೇ ಕಲಿಯಬೇಕು.

ಹಾಗೆಂದು ಪಟ್ಟಣದ ತರುಣರು ಬಂದು ಒಂದು ತುಣುಕನ್ನು ಕತ್ತರಿಸಿಕೊಂಡು ಹೋಗಲೆಂದು ನಾನು ಹೇಳುತ್ತಿಲ್ಲ. ಗಣೆ ಬರಿಯ ವಾದ್ಯವಲ್ಲ, ಪೂಜೆಗೆ ಸಂದದ್ದು. ಹಟ್ಟಿಯ ಹಿರಿಯರನ್ನು ಕೇಳಿ, ಅವರ ಹೆಸರನ್ನು ಹೇಳಿ, ಹಣ ಬಂದರೆ ಅವರ ಪಾಲನ್ನು ಅವರಿಗೆ ಕೊಟ್ಟು ಹಾಡಬೇಕು. ಹಳೆಯದನ್ನು ಅಲಂಕಾರಕ್ಕೆ ತೊಡುವುದು ಬೇರೆ, ಅದರ ಋಣ ಹೊರುವುದು ಬೇರೆ.

ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ಪಾವಗಡದಲ್ಲೋ ಗಿಟಾರು ಹಿಡಿದ ಹುಡುಗನೊಬ್ಬ ಇದ್ದರೆ, ಅವನು ಒಂದು ರಾತ್ರಿಯಾದರೂ ಗಣೆಯವರ ಮುಂದೆ ಕುಳಿತು ಸುಮ್ಮನೆ ಕೇಳಲಿ. ಜೊತೆಯಲ್ಲಿ ನನ್ನನ್ನೂ ಕರೆದೊಯ್ಯಲಿ. ಮೂವತ್ತು ವರ್ಷ ಮಾತನಾಡಿದ ಮೇಷ್ಟರಿಗೂ ಕೇಳಿ ಕಲಿಯುವುದು ಬಾಕಿಯಿದೆ.