ಕೊನೆಯ ಎಣಿಕೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ



2016ರ ಫೆಬ್ರವರಿ 20ರಂದು ನಾವೆಲ್ಲ ಒಂದೇ ಸಲಕ್ಕೆ ಎರಡು ಓಟು ಹಾಕಿದ್ದೆವು. ಒಂದು ತಾಲೂಕು ಪಂಚಾಯತಿಗೆ, ಇನ್ನೊಂದು ಜಿಲ್ಲಾ ಪಂಚಾಯತಿಗೆ. 23ರಂದು ಎಣಿಕೆ. ಸ್ನೇಹಿತರೊಬ್ಬರ ಏಜೆಂಟನಾಗಿ ನಾನು ಜಾಲರಿಯ ಈಚೆ ಕುಳಿತಿದ್ದೆ. ಆಚೆ ಮೇಜಿನ ಮೇಲೆ ಮತಯಂತ್ರ. ಅಧಿಕಾರಿ ಗುಂಡಿ ಒತ್ತುತ್ತಿದ್ದಂತೆ ಒಂದೊಂದೇ ಅಂಕಿ ಬೆಳಗುತ್ತಿತ್ತು, ನಾವು ಪೆನ್ಸಿಲಿನಲ್ಲಿ ಬೂತುವಾರು ಬರೆದುಕೊಳ್ಳುತ್ತಿದ್ದೆವು. ನಮ್ಮ ಬೈಲಿನ ಬೂತು ಬಂತು. ಪಕ್ಕದಲ್ಲಿದ್ದ ಎದುರು ಪಕ್ಷದ ಏಜೆಂಟು ತನ್ನ ಹಾಳೆಯನ್ನೂ ನನ್ನ ಹಾಳೆಯನ್ನೂ ತಾಳೆ ನೋಡಿ ಮೆಲ್ಲಗೆ ಹೇಳಿದರು: "ಸಂಕದ ಆಚೆಯ ಮನೆಗಳು ಈ ಸಲ ನಿಮಗೆ ಬಿದ್ದಿಲ್ಲ."

ಅವರ ಮಾತು ನಿಜವಾಗಿತ್ತು. ತೋಡಿನ ಆಚೆ ಹದಿನಾಲ್ಕು ಮನೆ. ದಾಟಲು ಅಡಕೆಮರದ ಸಂಕ. ಅದನ್ನು ಕಾಂಕ್ರೀಟಿನದ್ದು ಮಾಡಿಕೊಡುತ್ತೇವೆಂದು ಹಿಂದಿನ ಸಲ ಓಟು ಕೇಳಲು ಹೋದಾಗ ನಾನೂ ಹೇಳಿದ್ದೆ. ಆಗಲಿಲ್ಲ. ಉತ್ತರ ಈಗ ಮೇಜಿನ ಮೇಲಿತ್ತು.

ಜಿಲ್ಲಾ ಪಂಚಾಯತ್ ಫಲಿತಾಂಶವೆಂದರೆ ನನ್ನ ಮಟ್ಟಿಗೆ ಇದು. ಆದರೆ ಮರುದಿನದಿಂದ ನಾವು ಅದನ್ನು ಓದಿದ್ದು ಬೇರೆ ರೀತಿ. ದಕ್ಷಿಣ ಕನ್ನಡ ಜಿಲ್ಲೆಯ 36 ಸ್ಥಾನಗಳಲ್ಲಿ ಬಿಜೆಪಿಗೆ 21, ಕಾಂಗ್ರೆಸ್ಸಿಗೆ 15. ಮೂರು ವರ್ಷ ಹಿಂದೆ, 2013ರಲ್ಲಿ, ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳನ್ನು ಗೆದ್ದದ್ದು ಕಾಂಗ್ರೆಸ್ಸು. ಬಂಟ್ವಾಳದಲ್ಲಿ ರಮಾನಾಥ ರೈ, ಬೆಳ್ತಂಗಡಿಯಲ್ಲಿ ವಸಂತ ಬಂಗೇರ, ಮೂಡುಬಿದಿರೆಯಲ್ಲಿ ಅಭಯಚಂದ್ರ ಜೈನ್. ಎಣಿಕೆಯ ಹೊತ್ತಿಗೆ ರೈಗಳೂ ಜೈನರೂ ಮಂತ್ರಿಗಳು. ಅಂಥ ಊರಿನಲ್ಲಿ ಈ ಅಂಕಿ ಬಂದದ್ದೇ ತಡ, "ಸೆಮಿಫೈನಲ್" ಎಂಬ ಮಾತು ಹೋಟೆಲಿನಿಂದ ಹೋಟೆಲಿಗೆ ಹಬ್ಬಿತು. 2018ರಲ್ಲಿ ಈ ಮೂರೂ ಕ್ಷೇತ್ರಗಳು ಬಿಜೆಪಿಗೆ ಹೋದಾಗ, ಕಂಡಿರಾ, ಅಂದೇ ಹೇಳಿದ್ದೆವು ಎಂದರು.

ಭವಿಷ್ಯ ನಿಜವಾಯಿತು, ಒಪ್ಪುತ್ತೇನೆ. ಆದರೆ ಒಂದು ಚುನಾವಣೆಯ ಬೆಲೆಯೆಲ್ಲ ಇನ್ನೊಂದು ಚುನಾವಣೆಯ ಮುನ್ಸೂಚನೆಯಾಗುವುದರಲ್ಲೇ ಇದೆ ಎಂದು ನಾವೇ ಒಪ್ಪಿಕೊಂಡ ಮೇಲೆ, ಅದನ್ನು ನಡೆಸದೇ ಬಿಟ್ಟರೂ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಮೇಲಿನವರಿಗೆ ಬರುತ್ತದೆ. ಹಾಗೆಯೇ ಆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕಾನೂನು ತಿದ್ದಿ, ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಜಿಲ್ಲಾ ಪಂಚಾಯತಿಗೆ ಆಡಳಿತಾಧಿಕಾರಿ ಬಂದರು. ಅಂದು ಬಿಜೆಪಿ ಸರಕಾರ, 2023ರಿಂದ ಕಾಂಗ್ರೆಸ್ ಸರಕಾರ. 2025ರ ಈ ಮಳೆಗಾಲದಲ್ಲಿ ನಿಂತು ಹೇಳುತ್ತಿದ್ದೇನೆ: 2016ರ ಎಣಿಕೆಯೇ ನಮಗೆ ಕೊನೆಯ ಎಣಿಕೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಗಡಿ ಗುರುತಿಸುವುದು ಬಾಕಿ ಎಂಬಂಥ ಕಾರಣಕ್ಕೆ ಅದನ್ನು ಮುಂದೂಡಬಾರದೆಂದು ಸುಪ್ರೀಂ ಕೋರ್ಟ್ 2006ರಲ್ಲೇ, ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ, ಹೇಳಿದೆ.

ಗಡಿಯ ಮಾತು ಬಂತು. ಮೂಡುಬಿದಿರೆಯವರಿಗೆ ಅದು ಹೊಸತಲ್ಲ. ಕಾರ್ಕಳ ತಾಲೂಕಿನಲ್ಲಿದ್ದ ಊರು, 1997ರಲ್ಲಿ ಉಡುಪಿ ಜಿಲ್ಲೆಯಾದಾಗ ಮಂಗಳೂರು ತಾಲೂಕಿಗೆ ಬಂತು, ಆಮೇಲೆ 2018ರಲ್ಲಿ ತಾನೇ ತಾಲೂಕಾಯಿತು. 2016ರಲ್ಲಿ ಪುತ್ತಿಗೆ, ಶಿರ್ತಾಡಿ ಕ್ಷೇತ್ರಗಳ ಜನ ಓಟು ಹಾಕಿದ್ದು ಮಂಗಳೂರು ತಾಲೂಕಿನ ಲೆಕ್ಕದಲ್ಲಿ. ಸ್ವಂತ ತಾಲೂಕಾದ ಮೇಲೆ ತನ್ನ ತಾಲೂಕು ಪಂಚಾಯತಿಗೆ ಒಬ್ಬನೇ ಒಬ್ಬ ಸದಸ್ಯನನ್ನು ಆರಿಸುವ ಭಾಗ್ಯ ಆ ಜನಕ್ಕೆ ಇನ್ನೂ ಬಂದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಜಿಲ್ಲಾ ಪಂಚಾಯತ್ ಎಂಬ ಈ ಸಂಸ್ಥೆ ಹೇಗೆ ಹುಟ್ಟಿತು ಎಂಬುದನ್ನು ಇಲ್ಲಿರುವ ಎಳೆಯರು ಕೇಳಬೇಕು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆ, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ ಮೊದಲ ಚುನಾವಣೆ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರು. ಆ ಕಾಲದಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಊರೂರಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಆ ಮನುಷ್ಯ 1988ರಲ್ಲಿ ತೀರಿಹೋದರು. ಅವರು ಕಟ್ಟಿದ ಪರಿಷತ್ತುಗಳು 1992ರ ಜನವರಿಯಲ್ಲಿ ಹೋದವು. ಮತ್ತೆ ಜಿಲ್ಲಾ ಮಟ್ಟದ ಚುನಾವಣೆ ಕಂಡದ್ದು 1993ರ ಹೊಸ ಕಾಯ್ದೆ ಬಂದ ಮೇಲೆ, 1995ರಲ್ಲಿ. ಆಗಲೂ ಮೂರು ವರ್ಷದ ಖಾಲಿ. ಹಾಗಾಗಿ ಇಂದಿನ ಕತೆ ಮೊದಲ ಸಲದ್ದಲ್ಲ, ಆದರೆ ಈ ಸಲದ್ದು ಅದಕ್ಕಿಂತ ಉದ್ದದ್ದು.

ಈ ಸಲದ ಖಾಲಿಗೆ ಕಾರಣ ಏನು? ನನ್ನ ತಿಳಿವಳಿಕೆಯನ್ನು ಬಿಚ್ಚಿ ಹೇಳುತ್ತೇನೆ. ಸಂಗಬೆಟ್ಟು, ಸರಪಾಡಿ, ಕೊಳ್ನಾಡು, ನಾರಾವಿ, ಅಳದಂಗಡಿ, ಕಣಿಯೂರು ಇವೆಲ್ಲ ಜಿಲ್ಲಾ ಪಂಚಾಯತ್ ಕ್ಷೇತ್ರದ ಹೆಸರಾಗಿದ್ದಾಗ, ಶಾಸಕರಲ್ಲದ ಒಬ್ಬರಿಗೆ ಹತ್ತಾರು ಗ್ರಾಮಗಳ ಮನೆಮನೆಯ ಪರಿಚಯವಿರುತ್ತಿತ್ತು. ರಸ್ತೆ, ಶಾಲೆಯ ಮಾಡು, ಪ್ರಾಥಮಿಕ ಆರೋಗ್ಯ ಕೇಂದ್ರ, ಬಹುಗ್ರಾಮ ಕುಡಿಯುವ ನೀರಿನ ಯೋಜನೆ, ಇವುಗಳ ಬಗ್ಗೆ ಅವರು ಮಂಗಳೂರಿನ ನೇತ್ರಾವತಿ ಸಭಾಂಗಣದಲ್ಲಿ ಎದ್ದು ನಿಂತು ಕೇಳಿದರೆ ಎಂಜಿನಿಯರು ಉತ್ತರ ಹೇಳಬೇಕಿತ್ತು. ಉತ್ತರ ಮರುದಿನದ ಪೇಪರಿನಲ್ಲಿ ಬರುತ್ತಿತ್ತು. ಶಾಸಕರಿಗೆ ಅಂಥ ಇನ್ನೊಬ್ಬರು ಬೇಡ. ಯಾವ ಪಕ್ಷದ ಶಾಸಕರಿಗೂ ಬೇಡ. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ.

ಹಾಗೆಂದು ಆ ಸದಸ್ಯರೆಲ್ಲ ಬಹಳ ಮಾಡಿದರು ಎನ್ನಲಾರೆ. ಅಧ್ಯಕ್ಷ ಸ್ಥಾನ 20 ತಿಂಗಳಿಗೊಮ್ಮೆ ಕೈ ಬದಲಾಗುತ್ತಿದ್ದ ಕಾಲದಲ್ಲಿ ಬಜೆಟ್ಟು ಅರ್ಥವಾಗುವಷ್ಟರಲ್ಲಿ ಕುರ್ಚಿ ಬಿಡಬೇಕಿತ್ತು. 2016ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಮೀನಾಕ್ಷಿ ಶಾಂತಿಗೋಡು ಅವರಿಗೆ ಪೂರ್ಣ ಐದು ವರ್ಷ ಸಿಕ್ಕಿತು. ಆದರೂ, 2019ರ ಆಗಸ್ಟ್ 9ರಂದು ಬೆಳ್ತಂಗಡಿಯ ಚಾರ್ಮಾಡಿ, ಮಿತ್ತಬಾಗಿಲು, ದಿಡುಪೆ ಕಡೆ ಘಟ್ಟದಿಂದ ಮಣ್ಣು, ಮರ, ನೀರು ಒಟ್ಟಿಗೆ ಇಳಿದು ಬಂದಾಗ ತಾಲೂಕಿನಲ್ಲಿ ಜಿಲ್ಲಾ ಪಂಚಾಯತ್ ಸದಸ್ಯರಿದ್ದರು, ತಾಲೂಕು ಪಂಚಾಯತ್ ಸದಸ್ಯರೂ ಇದ್ದರು. ನಡುರಾತ್ರಿ ಫೋನು ಮಾಡಲು ಜನರ ಕೈಯಲ್ಲಿ ಅವರ ನಂಬರಿತ್ತು. ಈಗ ಆ ತಾಲೂಕಿನ 81 ಗ್ರಾಮಗಳಿಗೆ 48 ಗ್ರಾಮ ಪಂಚಾಯತ್ ಇವೆ. ಅದರ ಮೇಲೆ ನೇರ ಶಾಸಕರು. ನಡುವಿನ ಎರಡು ಮೆಟ್ಟಿಲಿಲ್ಲ.

ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ 2021ರ ಡಿಸೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನ ಉಪಚುನಾವಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮತದಾನ ನಡೆಯಿತು. ಓಟು ಹಾಕಬೇಕಾದವರ ಪಟ್ಟಿಯಲ್ಲಿ ಜಿಲ್ಲಾ ಪಂಚಾಯತ್ ಸದಸ್ಯರ ಜಾಗ ಎರಡೂ ಸಲ ಖಾಲಿ. ಇದ್ದೂ ಇಲ್ಲದಂತಾದ ಒಂದು ಮನೆಯ ಹೆಸರಿನಲ್ಲಿ ಮದುವೆ ಕಾಗದ ಹೋಗದಿದ್ದರೆ ಊರಿನಲ್ಲಿ ಮಾತಾಗುತ್ತದೆ. ಇದಕ್ಕೆ ಮಾತೂ ಆಗಲಿಲ್ಲ.

ನನ್ನ ಆ ಪೆನ್ಸಿಲಿನ ಹಾಳೆ ಇನ್ನೂ ಇದೆ. ಎಣಿಕೆಯಾದ ವಾರದೊಳಗೆ, ಗೆದ್ದ ಸದಸ್ಯರು, ನಾವು ಬೆಂಬಲಿಸದವರು, ತೋಡಿನ ಬಳಿ ಬಂದಿದ್ದರು. ಟೇಪು ಹಿಡಿದು ಅಗಲ ಅಳೆದರು. ಟೇಪಿನ ಇನ್ನೊಂದು ತುದಿಯನ್ನು ಆಚೆ ಹಿಡಿದದ್ದು ನಾನು. ಇಪ್ಪತ್ತೆರಡು ಅಡಿ. ಅಂದಾಜು ಪಟ್ಟಿ ಆಯಿತು, ಒಂದು ಸಭೆಯಲ್ಲಿ ಅವರು ವಿಷಯ ಎತ್ತಿದರು ಎಂದೂ ಕೇಳಿದೆ. ಅನುದಾನ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಅವಧಿ ಮುಗಿಯಿತು. ಆಮೇಲೆ ಕೊಟ್ಟ ಅರ್ಜಿಗೆ, ಅನುದಾನದ ಲಭ್ಯತೆಯ ಮೇರೆಗೆ ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂತು. ಸಹಿ ಯಾರದ್ದೆಂದು ಓದಲಾಗಲಿಲ್ಲ. ಬಂದು ಟೇಪು ಹಿಡಿಯುವವರು ಯಾರೂ ಇರಲಿಲ್ಲ.

ಈ ವರ್ಷವೂ ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದ ಮರುದಿನ ಆಚೆಯ ಮನೆಯವರು ನಾಲ್ಕು ಹಳೆಯ ಅಡಕೆಮರ ಕಡಿದು ತಂದರು. ಹೋದ ವರ್ಷದ್ದು ಕೊಳೆತಿತ್ತು. ಶಾಲೆ ಶುರುವಾಗುವ ಮೊದಲು ಹಾಕಬೇಕಿತ್ತು, ಹಾಕಿದರು. ಕೈ ಹಿಡಿಯಲು ಬಳ್ಳಿಯ ಬದಲು ಈ ಸಲ ನೈಲಾನ್ ಹಗ್ಗ ಕಟ್ಟಿದ್ದಾರೆ.